ಕೆಲಸದ ಜಾಗದಲ್ಲಿ ಕೇಳಿದ ಮಾತುಗಳಿಂದ ಕಥೆ ಬರೆಯುವವರು ಯಾರಾದರೂ ಇದ್ದೀರಾ?

ಪ್ರಶ್ನೆ: ಸಂಘದ ಗುಮಾಸ್ತೆ, ಗೋಣಿಕೊಪ್ಪಲು

ಎಲ್ಲರಿಗೂ ನಮಸ್ಕಾರ.

ನಾನು ಕೊಡಗಿನ ಗೋಣಿಕೊಪ್ಪಲಿನ ಬಳಿಯ ಒಂದು ಸಹಕಾರ ಸಂಘದಲ್ಲಿ ಒಂಬತ್ತು ವರ್ಷಗಳಿಂದ ಗುಮಾಸ್ತೆಯಾಗಿದ್ದೇನೆ. ಬೆಳೆ ಸಾಲದ ಅರ್ಜಿ, ಒಡವೆ ಸಾಲದ ನವೀಕರಣ, ಗೊಬ್ಬರದ ರಸೀದಿ, ಇವೇ ನನ್ನ ದಿನಚರಿ. ಕಾಲೇಜಿನ ದಿನಗಳಿಂದಲೂ ಬರೆಯುವ ಹುಚ್ಚಿದೆ. ಆದರೆ ಇಷ್ಟು ವರ್ಷ ಬರೆದದ್ದನ್ನು ಈಗ ತೆಗೆದು ನೋಡಿದರೆ ಮಂಜು, ಕಾಫಿ ಹೂವಿನ ಪರಿಮಳ, ಕಾವೇರಿ, ಮತ್ತೆ ಮಂಜು. ಪ್ರವಾಸಕ್ಕೆ ಬಂದವರು ಫೋಟೊ ತೆಗೆದುಕೊಂಡು ಹೋಗುವುದನ್ನೇ ನಾನು ಇಲ್ಲಿ ಹುಟ್ಟಿ ಬೆಳೆದು ಪದ್ಯ ಮಾಡುತ್ತಿದ್ದೇನೆ ಎನಿಸಿ ನಾಚಿಕೆಯಾಗುತ್ತದೆ.

ಕಳೆದ ಮಾರ್ಚ್ ತಿಂಗಳಿನಲ್ಲಿ ಒಬ್ಬ ಹಿರಿಯ ಬೆಳೆಗಾರರು ನನ್ನ ಕೌಂಟರಿನ ಮುಂದೆ ಕಾಗದಗಳಿಗೆ ಸಹಿ ಹಾಕುತ್ತಿದ್ದಾಗ ಅವರಿಗೊಂದು ಫೋನು ಬಂತು. ಅವರು ಆಡಿದ್ದು ಮೂರೇ ವಾಕ್ಯ: "ನಮಗೆ ಇಪ್ಪತ್ತು ಸೆಂಟ್. ಬೇಲಿಯ ಆಚೆ ಎಂಬತ್ತಂತೆ. ಅವನಿಗೆ ಯಾವಾಗಲೂ ಹಾಗೆಯೇ."

ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಅಳೆಯುತ್ತಾರೆ. 100 ಸೆಂಟ್ ಸೇರಿದರೆ ಒಂದು ಇಂಚು. ರೊಬಸ್ಟಾ ಕಾಫಿ ಗಿಡದ ಮೊಗ್ಗು ಸರಿಯಾಗಿ ಅರಳಬೇಕಾದರೆ ಹೂಮಳೆ ಇಂಚಿನ ಹತ್ತಿರವಾದರೂ ಬರಬೇಕು. 20 ಸೆಂಟ್ ಬಂದು ನಿಂತುಬಿಟ್ಟರೆ ಅದು ಮೊಗ್ಗಿಗೆ ಆಸೆ ತೋರಿಸಿ ಕೈಬಿಟ್ಟ ಹಾಗೆ. ಬೇಲಿಯ ಆಚೆಯ ತೋಟ ಅವರ ಸ್ವಂತ ತಮ್ಮನದು. ಪಾಲಾದ ಮೇಲೆ ಇಬ್ಬರಿಗೂ ಮಾತಿಲ್ಲವೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆ ಮೂರು ವಾಕ್ಯಗಳನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಮನೆಗೆ ಹೋಗಿ ಅಂದೇ ರಾತ್ರಿ ಬರೆಯಲು ಕುಳಿತೆ. ನಾಲ್ಕು ಪುಟ ಬರೆದೆ. ಅಣ್ಣನ ಅಸೂಯೆ, ಆಸ್ತಿಯ ಜಗಳ, ಒಡೆದ ಮನೆ, ಎಲ್ಲವೂ ಅದರಲ್ಲಿತ್ತು. ಆ ಮೂರು ವಾಕ್ಯಗಳಲ್ಲಿದ್ದ ಜೀವ ಮಾತ್ರ ಇರಲಿಲ್ಲ.

ಇಂಥ ಮಾತುಗಳು ನನಗೆ ದಿನವೂ ಸಿಗುತ್ತವೆ. ಜಮ್ಮಾ ಜಾಗದ, ಅಂದರೆ ಇಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನಿನ, ಪಹಣಿಯಲ್ಲಿ ಎಷ್ಟೋ ಕಡೆ ಎಂದೋ ತೀರಿಕೊಂಡ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರೇ ಇನ್ನೂ ಉಳಿದಿರುತ್ತದೆ. ಒಮ್ಮೆ ಯಾರದೆಂದು ತಿಳಿಯದೆ ನಾನು, "ಪಹಣಿಯಲ್ಲಿ ಹೆಸರಿರುವವರೇ ಬಂದು ಸಹಿ ಮಾಡಬೇಕು" ಎಂದುಬಿಟ್ಟೆ. ಎದುರಿಗಿದ್ದ ಎಂಬತ್ತರ ಅಜ್ಜ, "ಅವರು ಬರುವುದಿಲ್ಲ ಮಗಳೇ, ಇನ್ನು ನಾವೇ ಅವರಿರುವಲ್ಲಿಗೆ ಹೋಗಬೇಕು" ಎಂದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು, ಅಜ್ಜ ನಗಲಿಲ್ಲ.

ನನ್ನ ಪ್ರಶ್ನೆಗಳು ಇವು. ಸಂಜೆಯಾಗುವಷ್ಟರಲ್ಲಿ ಈ ಮಾತುಗಳ ಧಾಟಿ ಮರೆತುಹೋಗಿ ತಾತ್ಪರ್ಯವಷ್ಟೇ ಉಳಿಯುತ್ತದೆ; ಅದನ್ನು ಉಳಿಸಿಕೊಳ್ಳುವುದು ಹೇಗೆ? ಉಳಿಸಿಕೊಂಡದ್ದನ್ನು ಸಪ್ಪೆಯಾಗದಂತೆ ಬರೆಯುವುದು ಹೇಗೆ? ಕೊನೆಯದಾಗಿ, ಹೀಗೆ ಮತ್ತೊಬ್ಬರ ಮಾತನ್ನು ಎತ್ತಿಕೊಳ್ಳುವುದು ಸರಿಯೇ? ಕೆಲಸ ಮಾಡುತ್ತಲೇ ಬರೆಯುವ ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ರೈಟರ್, ಸುಂಟಿಕೊಪ್ಪ

ಸಹೋದರಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಮೂವತ್ತನಾಲ್ಕು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ತೋಟದ ಭಾಷೆಯಲ್ಲಿ ರೈಟರ್ ಎಂದರೆ ಹಾಜರಿ ಬರೆಯುವವನೇ ಹೊರತು ಕಥೆ ಬರೆಯುವವನಲ್ಲ. ಆದರೂ ಹಳೆಯ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕಗಳ ಹಿಂಬದಿಯ ಖಾಲಿ ಹಾಳೆಗಳಲ್ಲಿ ನಾನು ಕೇಳಿದ ಮಾತುಗಳನ್ನು ಗೀಚಿಕೊಳ್ಳುತ್ತಿದ್ದೆ. ನಿವೃತ್ತಿಯ ನಂತರ ಅವುಗಳಿಂದ ಹತ್ತು ಹನ್ನೆರಡು ಕಥೆಗಳಾದವು, ಕೆಲವು ಅಚ್ಚಾದವು.

ಮಂಜಿನ ಬಗ್ಗೆ ನೀವು ಹೇಳಿದ್ದು ನಿಜ. ನಮ್ಮ ಸುಂಟಿಕೊಪ್ಪದ ಸಮೀಪದ ತೋಟದಲ್ಲಿ ಮ್ಯಾನೇಜರರ ಮಡದಿಯಾಗಿದ್ದುಕೊಂಡು ಕಥೆ ಬರೆದ ಕೊಡಗಿನ ಗೌರಮ್ಮನವರು 1939ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತೇಳು. ಸುತ್ತ ಅಷ್ಟು ಮಂಜು, ಅಷ್ಟು ಕಾಫಿ ಇದ್ದರೂ ಅವರ ಗಮನವೆಲ್ಲ ಇದ್ದದ್ದು ಮದುವೆ, ವೈಧವ್ಯ, ಹೆಣ್ಣಿನ ಮನಸ್ಸಿನ ಮೇಲೆ. ತೋಟದ ಮನೆಯಲ್ಲಿದ್ದವರಿಗೆ ಮಂಜು ಒಂದು ವಿಶೇಷವೇ ಅಲ್ಲ ಎಂದು ನನಗನಿಸುತ್ತದೆ. ಅದು ಬಟ್ಟೆ ಒಣಗಲು ಬಿಡದ ಒಂದು ತೊಂದರೆ ಮಾತ್ರ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೆಂದರೆ, ಮಾತನ್ನು ಬರೆದುಕೊಳ್ಳುವಾಗ ಅದನ್ನು ಆಡಿದವರ ಕೈ ಏನು ಮಾಡುತ್ತಿತ್ತು ಎಂಬುದನ್ನೂ ಬರೆದುಕೊಳ್ಳಿ. ಇದು ನನಗೆ ಬಹಳ ತಡವಾಗಿ ಹೊಳೆದ ಸಂಗತಿ. ನೆಲಕ್ಕೆ ಉದುರಿದ ಕಾಫಿಯನ್ನು ಕುಳಿತು ಹೆಕ್ಕುವ ಹೆಂಗಸರು ಉದ್ದುದ್ದ ಮಾತನಾಡುತ್ತಾರೆ. ಒಂದು ಗಿಡದ ಬುಡದಲ್ಲಿ ಶುರುವಾದ ಸೊಸೆಯ ದೂರು ನಾಲ್ಕನೆಯ ಗಿಡದ ಬುಡಕ್ಕೆ ಬಂದರೂ ಮುಗಿದಿರುವುದಿಲ್ಲ. ಏಣಿಯ ಮೇಲೆ ನಿಂತು ಕರಿಮೆಣಸು ಕುಯ್ಯುವವನ ಬಾಯಿಂದ ಬರುವುದು ಒಂದೊಂದೇ ಪದ, ಏಕೆಂದರೆ ಅವನ ಉಸಿರೆಲ್ಲ ಸಮತೋಲಕ್ಕೆ ಖರ್ಚಾಗುತ್ತಿರುತ್ತದೆ. ಕಣದಲ್ಲಿ ಚೆರಿ, ಅಂದರೆ ಒಣಗಲು ಹರಡಿದ ಕಾಫಿ ಹಣ್ಣು, ಎಳೆಯುವವರು ಮಾತನಾಡುವುದು ತಿರುಗುವಾಗ ಮಾತ್ರ. ಸಂಜೆ ತೂಕದ ಹೊತ್ತಿನಲ್ಲಿ ಯಾರೂ ಮಾತನಾಡುವುದಿಲ್ಲ, ಎಲ್ಲರ ಕಣ್ಣೂ ಮುಳ್ಳಿನ ಮೇಲಿರುತ್ತದೆ. ಕೈಯ ಕೆಲಸವನ್ನು ಬಿಟ್ಟು ಬಾಯಿಯ ಮಾತನ್ನಷ್ಟೇ ತಂದರೆ ವಾಕ್ಯದ ಉದ್ದ ಏಕೆ ಹಾಗಿತ್ತು ಎಂಬುದೇ ತಿಳಿಯದೆ, ನೀವು ಅದನ್ನು ನಿಮ್ಮ ಉಸಿರಿಗೆ ತಕ್ಕಂತೆ ತಿದ್ದಿಬಿಡುತ್ತೀರಿ. ನಿಮ್ಮ ಬೆಳೆಗಾರರು ಸಹಿ ಹಾಕುತ್ತಿದ್ದರು ಎಂದಿರಿ. ಫೋನಿನಲ್ಲಿ ಮಾತು ಮುಗಿಸಿ ಆ ಸಹಿಯನ್ನು ಪೂರ್ಣಗೊಳಿಸಿದರೇ, ಅಥವಾ ಪೆನ್ನು ಕೆಳಗಿಟ್ಟರೇ? ನಿಮ್ಮ ಕಥೆ ಅಲ್ಲಿರಬಹುದು.

ಎರಡನೆಯ ಪ್ರಶ್ನೆಗೆ ನಿಮ್ಮ ಕಾಫಿಯ ಲೆಕ್ಕದಲ್ಲೇ ಹೇಳುತ್ತೇನೆ. 50 ಕಿಲೋ ರೊಬಸ್ಟಾ ಚೆರಿ ಮೂಟೆಯಿಂದ ಸಿಪ್ಪೆ ಕಳೆದು ಎಷ್ಟು ಕಿಲೋ ಬೀಜ ಬರುತ್ತದೆ ಎಂಬ ಔಟ್‌ಟರ್ನ್ ನೋಡಿಯೇ ವ್ಯಾಪಾರಿ ಬೆಲೆ ಕಟ್ಟುತ್ತಾನೆ; 26, 28 ಎಂದರೆ ಸಂತೋಷ. ಅಂದರೆ ಸುಮಾರು ಅರ್ಧ ಸಿಪ್ಪೆ. ನಿಮ್ಮ ನಾಲ್ಕು ಪುಟ ಹೇಗಾಯಿತೆಂದರೆ, ನಿಮ್ಮ ಕೈಗೆ ಸಿಕ್ಕಿದ್ದು ಸಿಪ್ಪೆ ಕಳೆದ ಬೀಜ, ಅದಕ್ಕೆ ನೀವೇ ಮತ್ತೆ ಸಿಪ್ಪೆ ಅಂಟಿಸಲು ಹೋದಿರಿ. "ಅಸೂಯೆ" ಎಂಬ ಪದವನ್ನು ಆ ಹಿರಿಯರು ಬಳಸಲಿಲ್ಲ. ಬಳಸಿದ್ದರೆ ನಿಮ್ಮ ಮೈ ಜುಮ್ಮೆನ್ನುತ್ತಿರಲಿಲ್ಲ.

ನಮ್ಮ ತೋಟದಲ್ಲಿ ಒಬ್ಬ ಕಾವಲುಗಾರನಿದ್ದ. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಬಂದು, "ರಾತ್ರಿ ಬಂದಿದ್ದರು" ಎನ್ನುತ್ತಿದ್ದ. ಆನೆ ಎಂಬ ಹೆಸರನ್ನು ಅವನ ಬಾಯಿಂದ ನಾನು ಕೇಳಿಲ್ಲ. "ಎಷ್ಟು ಜನ?" ಎಂದು ನಾನು ಕೇಳಬೇಕು, "ಮೂವರು, ಜೊತೆಗೆ ಒಂದು ಚಿಕ್ಕದು" ಎಂದು ಅವನು ಹೇಳಬೇಕು. ಒಂದು ದಿನ ಅವನು "ರಾತ್ರಿ ಬಂದಿತ್ತು" ಎಂದ. ಆ ಒಂದು ಕ್ರಿಯಾಪದ ಬದಲಾದದ್ದನ್ನು ಕೇಳಿ ನಾನು ಪೆನ್ನು ಮುಚ್ಚಿ ಅವನ ಹಿಂದೆ ಕೆಲಸಗಾರರ ಲೈನ್ ಮನೆಗಳ ಕಡೆಗೆ ನಡೆದೆ. ಅಲ್ಲಿ ಏನಾಗಿತ್ತೆಂಬುದನ್ನು ನಾನು ಬರೆದ ಕಥೆಯಲ್ಲಿ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಉತ್ತರ 2: ಬಸ್ ನಿರ್ವಾಹಕ, ಮಡಿಕೇರಿ

ರೈಟರ್ ಸಾಹೇಬರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನಾನು ಮಡಿಕೇರಿ, ಮೂರ್ನಾಡು, ವಿರಾಜಪೇಟೆ ಮಾರ್ಗದಲ್ಲಿ ಹಲವು ವರ್ಷ ಟಿಕೆಟ್ ಹರಿದವನು. ನನಗೆ ಪೂರ್ತಿ ಮಾತು ಸಿಗುವುದೇ ಇಲ್ಲ. ಒಬ್ಬರ ಮಾತಿನ ಬಾಲ, ಇನ್ನೊಬ್ಬರ ಮಾತಿನ ತಲೆ.

ನಮ್ಮ ಜನರ ಬಾಯಲ್ಲಿ ಕೆಲವು ಪದಗಳಿಗೆ ನಿಘಂಟಿನಲ್ಲಿಲ್ಲದ ಅರ್ಥವಿದೆ. "ಮೈಸೂರಿಗೆ ಕರೆದುಕೊಂಡು ಹೋದರಂತೆ" ಎಂದು ಬಸ್ಸಿನಲ್ಲಿ ಯಾರಾದರೂ ಹೇಳಿದರೆ, ದಸರಾ ನೋಡಲು ಎಂದು ಯಾರೂ ತಿಳಿಯುವುದಿಲ್ಲ. ಊರಿನ ಆಸ್ಪತ್ರೆಯ ಕೈಮೀರಿತು, ಆಂಬುಲೆನ್ಸಿನಲ್ಲಿ ಘಟ್ಟ ಇಳಿಸಿದರು ಎಂದರ್ಥ. "ಮೈಸೂರಿನಿಂದ ವಾಪಸು ಕಳುಹಿಸಿದರಂತೆ" ಎಂದರೆ ಮುಂದೆ ಯಾರೂ ಏನನ್ನೂ ಕೇಳುವುದಿಲ್ಲ. ಇದನ್ನು ಬರೆಯುವಾಗ ಬೆಂಗಳೂರಿನ ಓದುಗನಿಗೆ ಅರ್ಥವಾಗುವುದಿಲ್ಲವಲ್ಲ ಎಂದು ನಾನು ಮೊದಲು ವಿವರಣೆ ಬರೆಯುತ್ತಿದ್ದೆ. ಅದು ಶಾಲೆಯ ಟಿಪ್ಪಣಿಯ ಹಾಗೆ ಕಾಣುತ್ತಿತ್ತು. ಈಗ ವಿವರಣೆಯ ಬದಲು, ಆ ಮಾತನ್ನು ಕೇಳಿಸಿಕೊಂಡ ಮತ್ತೊಬ್ಬರು ಏನು ಮಾಡಿದರು ಎಂಬುದನ್ನು ಇಡುತ್ತೇನೆ. ಹಿಂದಿನ ಸೀಟಿನವರು ಮೊಬೈಲಿನ ಹಾಡನ್ನು ನಿಲ್ಲಿಸಿದರು, ಚಿಲ್ಲರೆಗಾಗಿ ಜಗಳವಾಡುತ್ತಿದ್ದ ಹೆಂಗಸು "ಇರಲಿ ಬಿಡಿ, ನಾಳೆ ಕೊಡಿ" ಎಂದರು. ಓದುಗನಿಗೆ ಅಷ್ಟು ಸಾಕು.

ಉಳಿಸಿಕೊಳ್ಳುವ ವಿಷಯದಲ್ಲಿ ನನ್ನ ಉಪಾಯ ಸರಳವಾದದ್ದು. ಮಾತಿನ ಕೊನೆಯ ಪದವನ್ನು ಮಾತ್ರ ಬರೆದುಕೊಳ್ಳುತ್ತೇನೆ. ಕೊನೆಯ ಪದ ನೆನಪಿದ್ದರೆ ಧಾಟಿ ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲ ಪದದಿಂದ ಶುರುಮಾಡಿದರೆ ನನ್ನದೇ ಮಾತು ಬಂದು ಸೇರಿಕೊಳ್ಳುತ್ತದೆ. ಇದು ಎಲ್ಲರಿಗೂ ಒಗ್ಗುತ್ತದೆಯೋ ಗೊತ್ತಿಲ್ಲ.

ಉತ್ತರ 3: ದಾದಿ, ವಿರಾಜಪೇಟೆ ಕಡೆಯವಳು

ಕ್ಷಮಿಸಿ, ನಾನು ಸ್ವಲ್ಪ ಬೇರೆಯದನ್ನೇ ಹೇಳಬೇಕಾಗಿದೆ. ಮೇಲಿನ ಇಬ್ಬರೂ ನಿಮ್ಮ ಮೂರನೆಯ ಪ್ರಶ್ನೆಯನ್ನು ಜಾಣತನದಿಂದ ದಾಟಿಹೋಗಿದ್ದಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದವರೊಬ್ಬರು ಬರೆದ ಕಥೆಯಲ್ಲಿ ನನ್ನ ತಾಯಿ ಬಂದರು. ಹೆಸರು ಬದಲಾಗಿತ್ತು. ಆದರೆ ರಸ್ತೆಯ ತಿರುವಿನ ಮನೆ, ಬಣ್ಣ ಹೋದ ಜೀಪು, ಬಂದೂಕಿನ ಲೈಸೆನ್ಸಿಗಾಗಿ ಅಲೆದದ್ದು, ಹುತ್ತರಿಯ ದಿನ ಕದಿರು ತೆಗೆಯುವ ಹೊತ್ತಿಗೆ ಅಮ್ಮ ಆಡಿದ ಒಂದು ಕಹಿ ಮಾತು, ಎಲ್ಲವೂ ಇದ್ದಂತೆಯೇ ಇದ್ದವು. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 5.5 ಲಕ್ಷ. ಇಷ್ಟು ಚಿಕ್ಕ ಊರಿನಲ್ಲಿ ಹೆಸರು ಬದಲಿಸುವುದು ಮುಖಕ್ಕೆ ಬೆರಳೊಂದನ್ನು ಅಡ್ಡ ಹಿಡಿದಷ್ಟೇ ಮರೆ. ಮದುವೆ ಮನೆಗಳಲ್ಲಿ ಜನ ಅಮ್ಮನನ್ನು ಕಂಡು ಮುಗುಳ್ನಕ್ಕರು. ಆ ಮುಗುಳ್ನಗೆ ಏನೆಂದು ಅಮ್ಮನಿಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಕಥೆ ಚೆನ್ನಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ, ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ಹಾಗಾದರೆ ಬರೆಯಲೇಬಾರದೇ ಎಂದು ನೀವು ಕೇಳಬಹುದು. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು, ನನ್ನ ಮಟ್ಟಿಗೆ ಒಂದು ಗೆರೆ ಎಳೆದುಕೊಂಡಿದ್ದೇನೆ. ನಾನು ಆ ಜಾಗದಲ್ಲಿ ಇದ್ದೇನೆಂಬ ಕಾರಣಕ್ಕೆ ಕಿವಿಗೆ ಬಿದ್ದ ಮಾತು ಬೇರೆ, ನಾನು ದಾದಿಯೆಂಬ ಕಾರಣಕ್ಕೆ ನನ್ನನ್ನು ನಂಬಿ ಹೇಳಿದ ಮಾತು ಬೇರೆ. ಕಾರಿಡಾರಿನ ಬೆಂಚಿನಲ್ಲಿ ಕುಳಿತ ಇಬ್ಬರು ಕರಿಮೆಣಸಿನ ಬೆಲೆಯ ಬಗ್ಗೆ ಮಾತನಾಡುತ್ತ, ಒಳಗಿರುವ ರೋಗಿಯ ಹೆಸರನ್ನು ಒಮ್ಮೆಯೂ ಎತ್ತದೆ ಒಂದು ಗಂಟೆ ಕಳೆದದ್ದನ್ನು ನಾನು ಬರೆದೇನು. ಹಾಸಿಗೆಯ ಪಕ್ಕದಲ್ಲಿ ರಾತ್ರಿ ಎರಡು ಗಂಟೆಗೆ ನನ್ನ ಕೈ ಹಿಡಿದು ಹೇಳಿದ್ದನ್ನು ಬರೆಯಲಾರೆ, ಎಷ್ಟೇ ಸುಂದರವಾಗಿರಲಿ. ನಿಮ್ಮ ಕೌಂಟರಿಗೂ ಇದು ಅನ್ವಯಿಸುತ್ತದೆ. ಮಳೆಯ ಮಾತು ಎಲ್ಲರದು. ಒಡವೆ ಸಾಲಕ್ಕೆ ಯಾರ ಮನೆಯ ಪತ್ತಾಕ್ ಸರ ಬಂದಿತೆಂಬುದು ನಿಮ್ಮ ಸಂಘದ ಕಪಾಟಿನೊಳಗಿನದು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಮನೆಯೊಡೆದ ಅಣ್ಣತಮ್ಮಂದಿರ ವಿಷಯವನ್ನು ನೀವು ಇಲ್ಲಿ ಬರೆದಿರುವುದನ್ನು ಓದಿಯೇ ಗೋಣಿಕೊಪ್ಪಲಿನಲ್ಲಿ ಕೆಲವರು ಲೆಕ್ಕ ಹಾಕಲು ಶುರುಮಾಡಿರುತ್ತಾರೆ.

ಉತ್ತರ 4: ಕನ್ನಡ ಶಿಕ್ಷಕ, ಸೋಮವಾರಪೇಟೆ

ದಾದಿ ಅಕ್ಕನವರ ಮಾತು ಈ ಚರ್ಚೆಗೆ ಅಗತ್ಯವಾಗಿತ್ತು. ಅದಕ್ಕೆ ಹೊಂದಿಕೊಂಡೇ ಒಂದು ಉದಾಹರಣೆ ನೆನಪಾಗುತ್ತದೆ. ಕೊಡವರ ಹಾಡು, ಗಾದೆ, ಒಗಟುಗಳನ್ನು ಸಂಗ್ರಹಿಸಿ 1924ರಲ್ಲಿ "ಪಟ್ಟೋಲೆ ಪಳಮೆ"ಯನ್ನು ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಪೊಲೀಸರ ಕಿವಿಗೆ ಏನೇನು ಬೀಳುತ್ತದೆಂಬುದನ್ನು ಊಹಿಸಿಕೊಳ್ಳಿ. ಆದರೆ ಅವರು ಪುಸ್ತಕಕ್ಕೆ ಆರಿಸಿಕೊಂಡದ್ದು ಜನ ತಾವಾಗಿಯೇ ಸಭೆಯಲ್ಲಿ ಎಲ್ಲರ ಮುಂದೆ ಹಾಡುತ್ತಿದ್ದುದನ್ನು. ಸಂಗ್ರಹಕಾರನಿಗೆ ಮಾತನ್ನು ಇದ್ದಂತೆಯೇ ಉಳಿಸುವ ಹೊಣೆಯಿದೆ. ಕಥೆಗಾರನಿಗೆ ಅದನ್ನು ಬೇರೆಡೆ ನೆಡುವ ಹೊಣೆಯಿದೆ. ಎರಡನ್ನೂ ಬೆರೆಸಿದಾಗಲೇ ಅಕ್ಕನವರ ತಾಯಿಗೆ ಆದಂಥದ್ದು ಆಗುವುದು.

ಹಾಗಾಗಿ ನಾನು ಮಾಡುವ ಒಂದು ಪರೀಕ್ಷೆಯನ್ನು ನಿಮಗೆ ಸೂಚಿಸುತ್ತೇನೆ. ಕೇಳಿದ ಮಾತನ್ನು ಆಡಿದವರ ಬಾಯಿಂದ ತೆಗೆದು ಬೇರೆ ಕಸುಬಿನವರ, ಬೇರೆ ವಯಸ್ಸಿನವರ ಬಾಯಿಗೆ ಹಾಕಿ ನೋಡಿ. ಮಾತು ಅಲ್ಲಿಯೂ ಬೇರು ಬಿಟ್ಟರೆ ಅದು ಕಥೆಗೆ ಒದಗುವ ಮಾತು. ಬಾಡಿಹೋದರೆ ನಿಮ್ಮನ್ನು ಸೆಳೆದದ್ದು ಮಾತಲ್ಲ, ಆ ಮನೆಯ ಸುದ್ದಿ ಎಂದು ತಿಳಿಯಿರಿ. "ಅವನಿಗೆ ಯಾವಾಗಲೂ ಹಾಗೆಯೇ" ಎಂಬುದನ್ನು ನಾನು ಈಗಷ್ಟೇ ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ನೋಡಿದೆ. ವರ್ಗಾವಣೆಯ ಪಟ್ಟಿ ಬಂದ ದಿನ ಅಲ್ಲಿ ಅದು ಚೆನ್ನಾಗಿ ಚಿಗುರುತ್ತದೆ.

ನೀವು ಕೇಳದೇ ಇದ್ದ ಒಂದು ತೊಡಕಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಕೊಡಗಿನಲ್ಲಿ ಬರೆಯುವ ಪ್ರತಿಯೊಬ್ಬರೂ ಅದನ್ನು ಎದುರಿಸಲೇಬೇಕು. ನಿಮ್ಮ ಕೌಂಟರಿನಲ್ಲಿ ಆಡಿದ ಮಾತು ಕನ್ನಡದಲ್ಲೇ ಇತ್ತೇ? ನನ್ನ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮನೆಮಾತಿನ ಮಕ್ಕಳಿದ್ದಾರೆ, ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಇವರೆಲ್ಲರ ಮಾತನ್ನು ನಾವು ಕಥೆಯಲ್ಲಿ ಮೈಸೂರಿನ ಅಚ್ಚುಕಟ್ಟು ಕನ್ನಡಕ್ಕೆ ತಿರುಗಿಸಿದ ಕೂಡಲೇ ಎಲ್ಲರೂ ಒಂದೇ ಮನೆಯವರಂತೆ ಕೇಳಿಸುತ್ತಾರೆ. ಹಾಗೆಂದು ಪುಟದ ತುಂಬ ಬೇರೆ ಭಾಷೆಯ ವಾಕ್ಯಗಳನ್ನು ತುಂಬಿ ಅಡಿಟಿಪ್ಪಣಿ ಕೊಡುವುದೂ ನನಗೆ ಹಿಡಿಸುವುದಿಲ್ಲ. ನಾನು ಮಾಡುವುದೇನೆಂದರೆ, ಸಂಬೋಧನೆಯನ್ನೂ ವಾಕ್ಯದ ತುದಿಯನ್ನೂ ಮೂಲದಲ್ಲಿದ್ದಂತೆ ಬಿಟ್ಟು ನಡುವಿನದನ್ನು ಕನ್ನಡಕ್ಕೆ ತರುವುದು. "ಕುಂಞಿ" ಎಂದು ಕರೆದದ್ದನ್ನು "ಮಗು" ಎಂದು ತಿದ್ದುವುದಿಲ್ಲ. "ಇದೆ" ಎಂದು ತಿದ್ದಬಹುದಾದ ಕಡೆ "ಉಂಟು" ಎಂಬುದನ್ನು ಹಾಗೆಯೇ ಬಿಡುತ್ತೇನೆ. ನಿಮ್ಮ ಅಜ್ಜ "ಮಗಳೇ" ಎಂದರೆಂದು ಬರೆದಿದ್ದೀರಿ, ಅವರು ನಿಜಕ್ಕೂ ಹಾಗೆ ಅಂದರೇ ಎಂಬ ಸಂಶಯ ನನಗಿದೆ.

ಒಂದೇ ಮಾತು ಕಾಲಕ್ಕೆ ತಕ್ಕಂತೆ ತೂಕ ಬದಲಿಸುವುದನ್ನೂ ಗಮನಿಸಿ. ಮೊದಲು ಆಗಸ್ಟ್ ತಿಂಗಳಿನಲ್ಲಿ "ನಿಮ್ಮ ಕಡೆ ಮಳೆ ಹೇಗೆ?" ಎಂದು ಸಹೋದ್ಯೋಗಿಗಳು ಕೇಳಿದರೆ ಅದು ಬರಿಯ ಕುಶಲೋಪರಿಯಾಗಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ ಮೇಲೆ ಆ ಪ್ರಶ್ನೆ ಕೇಳಿದವರು ಉತ್ತರ ಬರುವ ತನಕ ಮುಖವನ್ನೇ ನೋಡುತ್ತಾರೆ. ಪದಗಳು ಒಂದೂ ಬದಲಾಗಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ಸಂಘದ ಗುಮಾಸ್ತೆ, ಗೋಣಿಕೊಪ್ಪಲು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ದಾದಿ ಅಕ್ಕನವರ ಉತ್ತರ ಓದಿದ ದಿನ ನನ್ನ ಪ್ರಶ್ನೆಯನ್ನೇ ಅಳಿಸಿಬಿಡಬೇಕೆನಿಸಿತ್ತು. ಆಮೇಲೆ ನೆನಪು ಮಾಡಿಕೊಂಡು ನೋಡಿದರೆ, ತೋಟದ ದಿಕ್ಕು, ಸಂಬಂಧ, ತಿಂಗಳು ಇವುಗಳಲ್ಲಿ ಕೆಲವನ್ನು ನಾನು ಇಲ್ಲಿ ಮೊದಲೇ ಬದಲಿಸಿ ಬರೆದಿದ್ದೆ. ಯಾವುದನ್ನು ಎಂದು ಹೇಳಿದರೆ ಬದಲಿಸಿದ್ದೇ ವ್ಯರ್ಥವಾಗುತ್ತದೆ. ಕಪಾಟಿನೊಳಗಿನದನ್ನು ಮುಟ್ಟುವುದಿಲ್ಲವೆಂದು ಅಂದೇ ನಿಶ್ಚಯಿಸಿಕೊಂಡೆ.

ರೈಟರ್ ಸರ್, ಆ ಹಿರಿಯರು ಸಹಿಯನ್ನು ಪೂರ್ಣಗೊಳಿಸಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ, "ಬಡ್ಡಿ ಎಷ್ಟೆಂದಿರಿ?" ಎಂದು ಮೊದಲೇ ಎರಡು ಬಾರಿ ಕೇಳಿದ್ದನ್ನು ಮತ್ತೊಮ್ಮೆ ಕೇಳಿದರು. ಇದು ನನಗೆ ಪೂರ್ತಿ ಮರೆತುಹೋಗಿತ್ತು, ನೀವು ಕೇಳಿದಾಗ ಬಂತು. ಮಾತನ್ನು ಇಬ್ಬರು ಅಕ್ಕತಂಗಿಯರಿಗೆ ಹಾಕಿ ನೋಡಿದೆ, ಬಾಡಿತು. ಶಿಕ್ಷಕರು ಹೇಳಿದಂತೆ ಸ್ಟಾಫ್ ರೂಮಿಗೂ ಒಯ್ದೆ, ಅಲ್ಲಿ ಅದು ಬರೀ ಚುಚ್ಚುಮಾತಾಯಿತು. ಕೊನೆಗೆ ಒಂದೇ ರಸ್ತೆಯ ಎರಡು ಬದಿಯಲ್ಲಿ ಹೋಮ್‌ಸ್ಟೇ ನಡೆಸುವ ಇಬ್ಬರು ಹಳೆಯ ಗೆಳೆಯರ ನಡುವೆ ಇಟ್ಟೆ. ಅಲ್ಲಿ ಸೆಂಟಿನ ಲೆಕ್ಕವಿಲ್ಲ, ಶನಿವಾರ ರಾತ್ರಿ ಎದುರುಗಡೆ ನಿಂತ ಕಾರುಗಳ ಲೆಕ್ಕವಿದೆ. ನಾಲ್ಕು ಪುಟ ಒಂದೂವರೆ ಪುಟವಾಗಿದೆ, "ಅಸೂಯೆ" ಎಂಬ ಪದ ಎಲ್ಲಿಯೂ ಇಲ್ಲ. ಮಂಜು ಒಂದು ಸಲ ಬರುತ್ತದೆ, ಕಾರುಗಳನ್ನು ಎಣಿಸಲು ಅಡ್ಡಿಯಾಗಿ.

ಶಿಕ್ಷಕರ ಸಂಶಯವೂ ನಿಜವಾಗಿತ್ತು. ಅಜ್ಜ ನನ್ನನ್ನು ಕರೆದದ್ದು "ಕುಂಞಿ" ಎಂದೇ. ಇಲ್ಲಿ ಬರೆಯುವಾಗ ನಾನೇ ತಿದ್ದಿದ್ದೆ. ಕಳೆದ ಸೋಮವಾರ ಅವರು ಗೊಬ್ಬರದ ರಸೀದಿಗೆ ಬಂದಾಗ ಧೈರ್ಯ ಮಾಡಿ, ಅವರ ಆ ಪಹಣಿಯ ಮಾತನ್ನು ಒಂದು ಕಥೆಯಲ್ಲಿ ಬಳಸಿಕೊಳ್ಳಲೇ ಎಂದು ಕೇಳಿದೆ. ಅವರಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ತೆಗೆದುಕೋ. ಆದರೆ ಸಾಲವಾಗಿ" ಎಂದರು. ವಾಯಿದೆ ಎಷ್ಟು ದಿನವೆಂದು ಕೇಳಿದ್ದಕ್ಕೆ, ಮುಂದಿನ ಮಾರ್ಚ್‌ನಲ್ಲಿ ನವೀಕರಣಕ್ಕೆ ಬಂದಾಗ ಓದಿ ತೋರಿಸಬೇಕು, ಕನ್ನಡಕ ತಾವೇ ತರುವುದಾಗಿ ಹೇಳಿ ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.